ಪೈಲ್ವಾನನ ಪಾಲಿನ ಮುದ್ದೆ

ಕಾಯಿಲೆ ಬಂದ ಮೇಲೆ ಆಸ್ಪತ್ರೆಗೆ ಓಡುವವರು ದಡ್ಡರು, ಬರುವ ಮೊದಲೇ ಅದಕ್ಕೆ ಬಾಗಿಲು ಹಾಕುವವರು ಜಾಣರು ಎಂದು ಗುಂಡ್ಲುಪೇಟೆಯ ಸೋಮಶೇಖರ್ ಒಂದು ಶನಿವಾರ ಬೆಳಿಗ್ಗೆ ಹೆಂಡತಿಯ ಮುಂದೆ ಘೋಷಿಸಿದ. ಜಾಣರು ಯಾರೆಂದು ಬಿಡಿಸಿ ಹೇಳಲಿಲ್ಲ. ಎದೆಯುಬ್ಬಿಸಿ ನಿಂತ ಭಂಗಿಯೇ ಹೇಳುತ್ತಿತ್ತು. ಅದು ತೊಂಬತ್ತನಾಲ್ಕನೇ ಇಸವಿ. ಸಾಕುನಾಯಿಗಳ ಆರೋಗ್ಯದ ಬಗ್ಗೆ ಯಾರೋ ಹಂಚಿದ ಎಂಟು ಪುಟದ ಪುಸ್ತಿಕೆಯನ್ನು ಅವನು ಹಿಂದಿನ ದಿನ ಕಚೇರಿಯ ವೇಳೆಯಲ್ಲೇ ಎರಡು ಸಲ ಓದಿ ಮುಗಿಸಿದ್ದ. ಗುಮಾಸ್ತನ ಕೆಲಸದಲ್ಲಿ ಅಷ್ಟು ಬಿಡುವು ಇರುತ್ತದೆ.

"ಹುಚ್ಚುನಾಯಿ ರೋಗಕ್ಕೆ ಚುಚ್ಚುಮದ್ದು ಆಯ್ತು. ಉಣ್ಣಿಗೆ ಔಷಧಿ ಸ್ನಾನ ಆಯ್ತು. ಹೊಟ್ಟೆಹುಳದ ಮಾತ್ರೆ ಒಂದು ಕೊಟ್ಬುಟ್ರೆ ನಮ್ಮ ಪೈಲ್ವಾನನ್ನ ಯಮನೂ ಮುಟ್ಟಂಗಿಲ್ಲ" ಎಂದ.

"ಯಮನ ಮಾತಿರ್ಲಿ, ನನ್ನ ಮಾತು ಕೇಳಿ" ಎಂದಳು ನಾಗರತ್ನ. "ನೆನ್ನೆ ರಂಗೋಲಿ ಮೇಲೆ ಹುಳ ಕಕ್ಬುಟ್ಟದೆ. ಇನ್ನೊಂದು ಸಲ ಹಂಗಾದ್ರೆ ಅದು ಹಂಗಳದ ನಿಮ್ಮ ಚಿಕ್ಕಪ್ಪನ ಹೊಲಕ್ಕೆ. ನಾನೇ ಕರ್ಕೊಂಡೋಗಿ ಬುಟ್ಟು ಬತ್ತೀನಿ."

ಸೋಮಶೇಖರ್ ಉಬ್ಬಿಸಿದ್ದ ಎದೆಯನ್ನು ಇಳಿಸಿದ. ಪೈಲ್ವಾನ ಬಸ್‌ಸ್ಟ್ಯಾಂಡಿನಲ್ಲಿ ಅವನ ಚಪ್ಪಲಿಯ ಜಾಡು ಹಿಡಿದು ಮನೆಯತನಕ ಬಂದ ಕರಿ ನಾಯಿ. ಪಕ್ಕೆಲುಬುಗಳು ದೂರದಿಂದಲೇ ಕಾಣುತ್ತಿದ್ದವು. ಹೆಸರಾದರೂ ದಷ್ಟಪುಷ್ಟವಾಗಿರಲಿ ಎಂದು ಪೈಲ್ವಾನ ಎಂದಿಟ್ಟಿದ್ದ. ಸಂಜೆ ಅವನು ಮನೆಗೆ ಬಂದಾಗ ಸಂತೋಷದಿಂದ ಎದ್ದು ನಿಲ್ಲುವ ಜೀವ ಇಡೀ ಮನೆಯಲ್ಲಿ ಅದೊಂದೇ. ಅದಿಲ್ಲದ ಜಗಲಿಯನ್ನು ನೆನೆಸಿಕೊಂಡರೇ ಅವನಿಗೆ ಅಳು ಬರುವಂತಾಗುತ್ತಿತ್ತು.

ಪಶುವೈದ್ಯರ ಬಳಿ ಕಾಂಪೌಂಡರ್ ಆಗಿದ್ದ ಶಿವಣ್ಣ ಎರಡು ದಪ್ಪ ಮಾತ್ರೆ ಕೊಟ್ಟ. "ಬಲೇ ಕಹಿ ಸಾ, ಹಂಗೇ ಕೊಟ್ರೆ ಉಗುದ್ಬುಡ್ತದೆ. ಒಂದು ತುಂಡು ಬಾಡೊಳಗಿಟ್ಟು ಕೊಡಿ, ಗುಳುಂ ಅಂತ ಒಳಿಕ್ಕೋಯ್ತದೆ."

ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಟ್ಟುಕೊಂಡಿದ್ದ ಸೋಮಶೇಖರ್ ಬಾಡು ಎಂಬ ಶಬ್ದ ಕೇಳಿದ್ದೇ ಹಿಂದೆ ಮುಂದೆ ನೋಡಿದ. ಸದ್ಯ, ಅವನ ಬೀದಿಯವರು ಯಾರೂ ಇರಲಿಲ್ಲ.

"ನಮ್ಮನೇಲಿ ಮಾಂಸಗೀಂಸ ಎಲ್ಲ ನಡೆಯಲ್ಲ ಕಣಪ್ಪ."

"ಮತ್ತೆ ನಿಮ್ಮ ನಾಯಿ ಏನುಣ್ತದೆ?"

"ಮುದ್ದೆ, ಸೊಪ್ಪಿನ ಸಾರು. ಶಿವರಾತ್ರಿ ದಿನ ಉಪವಾಸ."

"ಅಂಗಾದ್ರೆ ಮುದ್ದೆ ಒಳಗೇ ಇಡಿ ಸಾ" ಎಂದು ಶಿವಣ್ಣ ಕನಿಕರದಿಂದ ಹೇಳಿದ.

ಭಾನುವಾರ ಮಧ್ಯಾಹ್ನ ಸೋಮಶೇಖರ್ ಕೆಲಸಕ್ಕಿಳಿದ. ಆದರೆ ಅವತ್ತೇ ಸಂತೆಮರಹಳ್ಳಿಯಿಂದ ಮಾವ ಮರಿಮಲ್ಲಪ್ಪನವರ ಆಗಮನವಾಗಿತ್ತು. ದವಸದ ವ್ಯಾಪಾರಿ, ಆಳೂ ಎತ್ತರ, ಹೊಟ್ಟೆಯೂ ಎತ್ತರ. ಮುದ್ದೆ ಉಣ್ಣುವುದರಲ್ಲಿ ಅವರಿಗೆ ಎದುರಿಲ್ಲ. ಮುದ್ದೆಯನ್ನು ಹಲ್ಲಿಗೆ ತೋರಿಸುವುದೇ ಅಪಚಾರವೆಂದು ನಂಬಿದವರು. ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಗೆಯ ಮೇಲಿಟ್ಟರೆ ಮುಗಿಯಿತು. ಉಳಿದದ್ದು ಗಂಟಲಿನ ಜವಾಬ್ದಾರಿ.

ನಾಗರತ್ನ ಕಟ್ಟಿಟ್ಟಿದ್ದ ಮುದ್ದೆಗಳಲ್ಲಿ ಒಂದರೊಳಗೆ ಸೋಮಶೇಖರ್ ಎರಡೂ ಮಾತ್ರೆ ತುರುಕಿದ. ಗುರುತಿರಲೆಂದು ಮೇಲೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿದ. ಎಂಥ ಬುದ್ಧಿ ನನ್ನದು ಎಂದು ತನ್ನನ್ನು ತಾನೇ ಮೆಚ್ಚಿಕೊಂಡು, ಪೈಲ್ವಾನನನ್ನು ಹುಡುಕಲು ಹಿತ್ತಲಿಗೆ ಹೋದ. ಅದು ಪಕ್ಕದ ಮನೆಯ ಗಾಡಿಯ ಕೆಳಗೆ ಸೇರಿಕೊಂಡಿತ್ತು. ಪುಸಲಾಯಿಸಿ ಎಳೆದು ತರುವ ಹೊತ್ತಿಗೆ ಕಾಲು ಗಂಟೆ ಕಳೆದಿತ್ತು. ಅಡುಗೆಮನೆಯಲ್ಲಿ ಉಳಿದಿದ್ದ ಮುದ್ದೆಗಳೆಲ್ಲ ದುಂಡಗೆ ಹೊಳೆಯುತ್ತಿದ್ದವು.

"ಗುಳಿ ಬಿದ್ದ ಮುದ್ದೆ ಒಂದಿತ್ತಲ್ಲ, ಎಲ್ಲಿ?"

"ಗುಳಿ ಬಿದ್ದಿರೋದನ್ನ ಅಪ್ಪನ ಮುಂದೆ ಇಡಕ್ಕಾಯ್ತದಾ? ಕೈ ಒದ್ದೆ ಮಾಡ್ಕೊಂಡು ದುಂಡಗೆ ಮಾಡಿ ಬಡಿಸ್ದೆ."

ಸೋಮಶೇಖರ್ ಹಜಾರಕ್ಕೆ ಓಡಿದ. ಮಾವನವರ ಗಂಟಲಲ್ಲಿ ಕೊನೆಯ ತುತ್ತು ಗಂಭೀರವಾಗಿ ಇಳಿಯುತ್ತಿತ್ತು. ಅಗಿಯುವ ಅಭ್ಯಾಸವಿದ್ದವರಾಗಿದ್ದರೆ ಕಹಿ ತಿಳಿದು ಉಗಿದಿರುತ್ತಿದ್ದರು. ಇವರು ತೃಪ್ತಿಯಿಂದ ತೇಗಿದರು.

ಇವನು ಸೈಕಲ್ ಹತ್ತಿ ಶಿವಣ್ಣನ ಮನೆಗೆ ಹಾರಿದ.

"ಆ ಮಾತ್ರೆ ಸ್ವಲ್ಪ ದೊಡ್ಡದಕ್ಕೆ ಕೊಟ್ರೆ ಏನೂ ಆಗಲ್ವಾ?"

"ಎಷ್ಟು ತೂಕ ಸಾ?"

"ಒಂದು ತೊಂಬತ್ತು ಕೆಜಿ."

"ತೊಂಬತ್ತು ಕೆಜಿ ನಾಯಾ? ಯಾವ ತಳಿ ಸಾ?"

"ಸಂತೆಮರಹಳ್ಳಿ ಕಡೇದು."

ಶಿವಣ್ಣ ಡಾಕ್ಟರನ್ನೇ ಹೋಗಿ ಕೇಳಿಬಂದ. ಎರಡು ಮಾತ್ರೆ ಅಷ್ಟು ದೊಡ್ಡ ದೇಹಕ್ಕೆ ಏನೂ ಮಾಡುವುದಿಲ್ಲ, ಹೆಚ್ಚೆಂದರೆ ಹೊಟ್ಟೆ ಶುದ್ಧಿಯಾದೀತು ಎಂದು ಉತ್ತರ ಬಂತು.

ಆಯಿತು. ಮಾರನೆಯ ಬೆಳಿಗ್ಗೆ ಮಾವನವರು ಚೊಂಬು ಹಿಡಿದು ಹಿತ್ತಲಿಗೆ ನಡೆದರು. ಮತ್ತೆ ನಡೆದರು. ಮೂರನೆಯ ಸಲ ನಡೆಯಲಿಲ್ಲ, ಓಡಿದರು. ಕಚೇರಿಗೆ ರಜೆ ಹಾಕಿ ಪ್ರತಿ ಸಲವೂ ಚೊಂಬಿಗೆ ನೀರು ತುಂಬಿಸಿ ಕೊಟ್ಟ ಅಳಿಯನ ಭಕ್ತಿಯನ್ನು ಕಂಡು ನಾಗರತ್ನಳಿಗೇ ಅನುಮಾನ ಬಂತು.

ಮಧ್ಯಾಹ್ನ ಮಾವನವರು ಹೊಟ್ಟೆ ಸವರಿಕೊಳ್ಳುತ್ತ ಊಟಕ್ಕೆ ಕೂತರು. "ವರ್ಷಗಟ್ಲೆಯಿಂದ ಗುಡುಗುಡು ಅಂತಿದ್ದ ಒಟ್ಟೆ ತಣ್ಣಗಾಗೋಗದೆ ಕಣವ್ವ. ಚಾಮರಾಜನಗರದ ಡಾಕ್ಟ್ರುಗಳ ಕೈಲೂ ಆಗ್ನಿಲ್ಲ. ನಿನ್ನ ಕೈಗುಣ ದೊಡ್ಡದು."

ನಾಗರತ್ನ ನಾಚಿಕೊಂಡಳು. ಸೋಮಶೇಖರ್ ಬದುಕಿದೆ ಎಂದುಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಗೊರ್ ಗೊರ್ ಎಂದು ಸದ್ದಾಯಿತು. ಪೈಲ್ವಾನ ಬೆಳಗಿನ ರಂಗೋಲಿಯ ನಟ್ಟನಡುವೆ ನಿಂತು ಮತ್ತೆ ಹುಳ ಕಕ್ಕಿತ್ತು.

"ಮದ್ದು ಕೊಟ್ರೂ ಇದೇ ಗತಿ" ಎಂದು ನಾಗರತ್ನ ಎದ್ದು ಸರಪಣಿ ಕೈಗೆತ್ತಿಕೊಂಡಳು. "ಹಂಗಳದ ಬಸ್ಸು ಎಷ್ಟೊತ್ತಿಗೆ?"

ಮಾನ ಉಳಿಸಿಕೊಳ್ಳುವುದೋ ನಾಯಿಯನ್ನೋ? ಸೋಮಶೇಖರ್ ಬಾಗಿಲಿಗೆ ಅಡ್ಡ ನಿಂತ. "ಅದರದ್ದು ತಪ್ಪಿಲ್ಲ. ಮದ್ದು ಅದಕ್ಕೆ ಹೋಗೇ ಇಲ್ಲ."

"ಮತ್ತೆಲ್ಲಿಗೋಯ್ತು?"

ಅವನ ಕಣ್ಣು ಮಾವನವರ ಹೊಟ್ಟೆಯ ಕಡೆ ಹೋಯಿತು. ನಾಗರತ್ನಳ ಕಣ್ಣೂ ಅಲ್ಲಿಗೇ ಹೋಯಿತು. ಕೊನೆಗೆ ಮಾವನವರೂ ತಮ್ಮ ಹೊಟ್ಟೆಯನ್ನು ನೋಡಿಕೊಂಡರು.

"ಸರಪಣಿ ಕೆಳಗಿಡವ್ವ" ಎಂದರು ಮರಿಮಲ್ಲಪ್ಪನವರು. "ಅದರ ಪಾಲಿನ ಮದ್ದು ನಾನು ತಿಂದಿವ್ನಿ. ಅದನ್ನ ಮನೆ ಬುಡುಸುದ್ರೆ ಶಿವ ಮೆಚ್ಚಲ್ಲ. ಅಳಿಯಂದ್ರೇ, ನೀವು ಮಾತ್ರ ಇನ್ಮೇಲೆ ಅಡುಗೆಮನೆಗೆ ಕಾಲಿಡಬ್ಯಾಡಿ."

ಸಂಜೆ ನಾಗರತ್ನಳೇ ಹೋಗಿ ನಾಯಿಗೆ ಶಿವಣ್ಣನಿಂದ, ಮನುಷ್ಯರಿಗೆ ಮೆಡಿಕಲ್ ಸ್ಟೋರಿನಿಂದ ಹೊಟ್ಟೆಹುಳದ ಮಾತ್ರೆ ತಂದಳು. ಪೈಲ್ವಾನನನ್ನು ಮೊಣಕಾಲ ನಡುವೆ ಒತ್ತಿ, ದವಡೆ ಅಗಲಿಸಿ, ಮಾತ್ರೆ ಗಂಟಲಿಗೆ ತಳ್ಳಿ, ಮೂತಿ ಮುಚ್ಚಿ ಹಿಡಿದಳು. ಹತ್ತು ಎಣಿಸುವಷ್ಟರಲ್ಲಿ ಕೆಲಸ ಮುಗಿಯಿತು. ಮುದ್ದೆಯೂ ಬೇಕಾಗಲಿಲ್ಲ, ಪುಸ್ತಿಕೆಯೂ ಬೇಕಾಗಲಿಲ್ಲ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಕಡೆ ತಿರುಗಿದಳು.

"ಬಾಯಿ ತೆಗೀರಿ."

"ನಾನ್ಯಾಕೆ? ನನಗೇನಾಗದೆ?"

"ನಾಯಿನೂ ಅದನ್ನೇ ಹೇಳ್ತು" ಎಂದು ನಾಗರತ್ನ ಅವನ ದವಡೆಗೆ ಕೈ ಹಾಕಿದಳು.