ಸೋಡಾ ಮಾವ ಕಟ್ಟಿದ ತೋಟೆಗಳು

ನನ್ನ ಸೋದರಮಾವ ಜನ್ಮದಲ್ಲಿ ಒಂದು ಸೊಳ್ಳೆಯನ್ನೂ ಹೊಡೆದು ಕೊಂದವರಲ್ಲ. ಹೆಗಲ ಮೇಲಿನ ಬೈರಾಸು ಬೀಸಿ, "ಹೋಗು ಮಾರಾಯ್ತಿ, ಹೊರಗೆ ಎಷ್ಟು ಜಾಗ ಉಂಟು" ಎಂದು ಮರ್ಯಾದೆಯಿಂದ ಬೀಳ್ಕೊಡುವವರು. ಇಂಥವರು ತೊಂಬತ್ತರ ದಶಕದಲ್ಲಿ ಕತಾರಿನಲ್ಲಿ ಕೂತು ಏನು ಮಾಡುತ್ತಿದ್ದರು ಹೇಳಿ ನೋಡೋಣ? ಪಿಸ್ತೂಲಿಗೆ ತೋಟೆ ಕಟ್ಟುತ್ತಿದ್ದರು!

ನಗಬೇಡಿ. ನಗುವವರೆಲ್ಲ ಆಗಲೇ ನಕ್ಕಾಗಿದೆ. ದೋಹಾದ ಅಲ್ ಹಿಲಾಲ್‌ನಲ್ಲಿದ್ದ ನಮ್ಮ ಫ್ಲಾಟಿಗೆ ಬರುತ್ತಿದ್ದ ಊರಿನವರು ನನ್ನದೇ ಚಹಾ ಕುಡಿದು ಮಾವನನ್ನು ಅರೆಹುಚ್ಚ ಎನ್ನುತ್ತಿದ್ದರು. ಅಂಥವರಿಗೆ ಎರಡನೆಯ ಕಪ್ ಸಿಗುತ್ತಿರಲಿಲ್ಲ.

ಕತಾರಿಗೆ ಹೋಗುವ ಮೊದಲು ಮಂಗಳೂರಿನಲ್ಲಿ ಮಾವನದು ಸೋಡಾ ಫ್ಯಾಕ್ಟರಿ. ಫ್ಯಾಕ್ಟರಿ ಎಂದರೆ ಒಂದು ಕೋಣೆ, ಒಂದು ಗ್ಯಾಸ್ ಸಿಲಿಂಡರ್, ಬಾಟಲಿಯ ಬಾಯಿಗೆ ತಗಡಿನ ಮುಚ್ಚಳ ಒತ್ತುವ ಒಂದು ಕೈಯಂತ್ರ, ಮತ್ತು ಮಾವ. ಅವರ ಸೋಡಾದ ರುಚಿ ನನಗೆ ನೆನಪಿಲ್ಲ, ರಭಸ ಚೆನ್ನಾಗಿ ನೆನಪಿದೆ. ನಾನು ಚಿಕ್ಕವಳಿದ್ದಾಗ ಒಂದು ಬಾಟಲಿ ಸಿಡಿದು ಗಾಜಿನ ಚೂರು ಬಲಹುಬ್ಬಿನ ಮೇಲೆ ಹೊಕ್ಕಿತ್ತು. ಆ ಗುರುತು ಇನ್ನೂ ಇದೆ. ಹೆಣ್ಣು ನೋಡಲು ಬಂದ ವರನ ತಾಯಿ "ಅದೆಂತದು ಹಣೆಯಲ್ಲಿ?" ಎಂದು ಕೇಳಿದಾಗ "ಲೆಮನ್ ಸೋಡಾ" ಎಂದೆ. ಮದುವೆಯೇನೋ ಆಯಿತು. ಅತ್ತೆಯವರು ಮಾತ್ರ ಅಂದಿನಿಂದ ಸೋಡಾ ಮುಟ್ಟಿಲ್ಲ.

ಆ ಬಾಟಲಿ ಸಿಡಿದ ಕೆಲವೇ ದಿನಗಳಲ್ಲಿ ಮಾವ ಫ್ಯಾಕ್ಟರಿಗೆ ಬೀಗ ಹಾಕಿದರು. ದೊಡ್ಡ ಕಂಪೆನಿಗಳ ಬಣ್ಣದ ಸೋಡಾಗಳ ಎದುರು ವ್ಯಾಪಾರ ನಿಲ್ಲಲಿಲ್ಲ ಎಂದು ಮಾವನನ್ನು ಬಿಟ್ಟು ಮನೆಯವರೆಲ್ಲ ಹೇಳಿದರು.

ಮುಂದೆ ಅವರು ದೋಹಾಕ್ಕೆ ಹೋದದ್ದು ಡ್ರೈವರ್ ಆಗಿ. ಅಬು ಹಮೂರ್ ಬಡಾವಣೆಯ ವಿಲ್ಲಾದಲ್ಲಿದ್ದ ಅವರ ಅರಬಾಬ್, ಅಂದರೆ ವೀಸಾ ಕೊಟ್ಟ ಧಣಿ, ಗುರಿ ಹೊಡೆಯುವ ಪಂದ್ಯಗಳ ಹುಚ್ಚಿನವರು. ಹಾರಿಸಿದ ತೋಟೆಗಳನ್ನೇ ಮತ್ತೆ ತುಂಬಿಸಲು ಅಮೆರಿಕದಿಂದ ಒಂದು ಕೈಯಂತ್ರ ತರಿಸಿದ್ದರು. ಮಾವ ಅದರ ಹಿಡಿ ನೋಡಿದ್ದೇ ತಡ, "ಇದು ಮುಚ್ಚಳ ಹಾಕುವ ಮಿಷನ್ ಅಲ್ಲವಾ, ನಾನು ಮಾಡ್ತೇನೆ" ಎಂದುಬಿಟ್ಟರು.

ಕೆಲಸ ಕೇಳಲು ಸುಲಭ. ಖಾಲಿ ಹಿತ್ತಾಳೆಯ ಕೊಳವೆಗೆ ಮದ್ದು ತುಂಬಿ, ಅದರ ಬಾಯಲ್ಲಿ ಗುಂಡನ್ನು ಅಳತೆಯ ಆಳಕ್ಕೆ ಕೂರಿಸಬೇಕು. ಆಮೇಲೆ ಕೊಳವೆಯ ಅಂಚನ್ನು ಗುಂಡಿನ ಸುತ್ತ ತುಸುವೇ ಬಿಗಿಯಬೇಕು. ಸೋಡಾ ಕಟ್ಟಿದ ಕೈಗೆ ಈ 'ತುಸು' ಎಂದರೆ ಏನು ಗೊತ್ತು? ಮಾವ ಹಲ್ಲು ಕಚ್ಚಿ ಒತ್ತಿದರು. ಕೊಳವೆಗಳೆಲ್ಲ ಕತ್ತಿನ ಹತ್ತಿರ ಉಬ್ಬಿಕೊಂಡು, ಒಂದೇ ಒಂದು ತೋಟೆಯೂ ಪಿಸ್ತೂಲಿನೊಳಗೆ ಹೋಗಲಿಲ್ಲ.

"ಯೇ ಕ್ಯಾ ಹೈ?" ಅರಬಾಬ್ ತಮ್ಮ ಮುರುಕು ಹಿಂದಿಯಲ್ಲಿ ಕೇಳಿದರು.

"ಗ್ಯಾಸ್ ಲೀಕ್ ನಹೀಂ ಹೋಗಾ," ಮಾವ ಎದೆಯುಬ್ಬಿಸಿ ಹೇಳಿದರು.

ಅರಬಾಬ್ ಕಣ್ಣೀರು ಬರುವಷ್ಟು ನಕ್ಕರು. ಮಾವನಿಗೆ ಅವಮಾನವಾಯಿತೇ? ಎಲ್ಲಿಂದ! "ಲೀಕ್ ಆಯ್ತಾ? ಇಲ್ಲ ಅಲ್ಲವಾ? ಮತ್ತೆ?" ಎಂದು, ಆಮೇಲೆ ನಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ನನ್ನನ್ನೇ ಗದರಿಸಿದರು.

ಅರಬಾಬರ ಗೆಳೆಯನೊಬ್ಬ ಬಂದು, ಗುಂಡು ಕೂರಿಸುವುದನ್ನೂ ಅಂಚು ಬಿಗಿಯುವುದನ್ನೂ ಒಂದೇ ಎಳೆತಕ್ಕೆ ಮುಗಿಸಬಹುದು ಎಂದು ತೋರಿಸಿಕೊಟ್ಟ. ಮಾವ ಒಪ್ಪಲಿಲ್ಲ. "ಪ್ಯಾಸೆಂಜರ್ ಮೊದಲು ಸರಿಯಾಗಿ ಕೂತ್ಕೊಳ್ಳಲಿ. ಬೆಲ್ಟ್ ಆಮೇಲೆ ಹಾಕುವ." ಎಲ್ಲವನ್ನೂ ಕೂರಿಸಿ ಮುಗಿಸಿಯೇ ಬಿಗಿಯಲು ಶುರುಮಾಡುತ್ತಿದ್ದರು. ಕೆಲಸ ಆಮೆಯ ಹಾಗೆ ಸಾಗುತ್ತಿತ್ತು, ಅರಬಾಬ್ ಗೊಣಗುತ್ತಿದ್ದರು, ಮಾವನಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

ಒಂದು ಶುಕ್ರವಾರ ನಾನೂ ಗಂಡನೂ ಮಾವನಿಗೆ ನೀರುದೋಸೆ, ಕೋಳಿ ಸುಕ್ಕ ಕಟ್ಟಿಕೊಂಡು ಹೋದೆವು. ಸಂಜೆಗೆ ಅರಬಾಬರ ದೊಡ್ಡ ಪಂದ್ಯ. ತೋಟೆಗಳ ಪೆಟ್ಟಿಗೆಗಳು ಸಿದ್ಧವಾಗಿದ್ದವು. ಮಾವ ಒಂದು ತೋಟೆ ಎತ್ತಿ ಗುಂಡಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗುಂಡು ಸುಮ್ಮನೆ ಒಳಗೆ ಜಾರಿತು. ಈ ಸಲ ಬಿಗಿತ ಕಡಿಮೆಯಾಗಿತ್ತು. ಗುಂಡು ಹಾಗೆ ಒಳಜಾರಿದರೆ ಒತ್ತಡ ಏರಿ, ಪಿಸ್ತೂಲು ಹಿಡಿದವನ ಕೈಯಲ್ಲೇ ಒಡೆಯಬಹುದಂತೆ. ಮಾವ ಗುಂಡು ಕಳಚುವ ಸುತ್ತಿಗೆ ತೆಗೆದುಕೊಂಡು, ಒಂದೊಂದಾಗಿ ಎಲ್ಲ ತೋಟೆಗಳನ್ನೂ ಬಿಚ್ಚತೊಡಗಿದರು.

ಅಷ್ಟರಲ್ಲಿ ಅರಬಾಬ್ ಬಂದರು. "ಏಕ್ ಖರಾಬ್, ಏಕ್ ಫೇಕೋ. ಬಾಕಿ ದೇದೋ." ಹಾಳಾದ ಒಂದನ್ನು ಬಿಸಾಡಿ ಉಳಿದದ್ದನ್ನು ಕೊಡು ಎಂದು ಕೈಚಾಚಿದರು.

"ಮಾಫಿ," ಎಂದರು ಮಾವ, ತಲೆ ಎತ್ತದೆ. ಅಲ್ಲಿಯ ಅರಬಿಯಲ್ಲಿ ಅದು ಕ್ಷಮೆಯಲ್ಲ, 'ಇಲ್ಲ' ಎಂದರ್ಥ.

"ತೋ ತುಮ್ ಕಲ್ ಇಂಡಿಯಾ. ಖಲಾಸ್."

ನನ್ನ ಗಂಡ ಮಾವನ ತೋಳು ಜಗ್ಗಿದರು. "ಕೊಟ್ಟುಬಿಡಿ ಮಾವ. ವೀಸಾ ಕ್ಯಾನ್ಸಲ್ ಆದ್ರೆ ಊರಲ್ಲಿ ಎಲ್ಲರೂ ಎಂತ ಮಾಡುದು?" ಊರಿನ ಮನೆ ಮಾವನ ದುಡಿಮೆಯ ಮೇಲೇ ನಿಂತಿತ್ತು. ನನಗೂ ಭಯವಾಗಿತ್ತು.

"ಕಳಿಸಲಿ. ಟಿಕೆಟ್ ಅವರೇ ತೆಗೀಬೇಕು ಅಲ್ಲವಾ? ಇದು ಮಾತ್ರ ಕೊಡುದಿಲ್ಲ."

"ಕ್ಯೋಂ?" ಅರಬಾಬ್ ಗುಡುಗಿದರು.

ಅದಕ್ಕೆ ಬೇಕಾದಷ್ಟು ಹಿಂದಿ ಮಾವನ ಹತ್ತಿರ ಇರಲಿಲ್ಲ. ಅವರು ಎದ್ದು ನನ್ನ ಹತ್ತಿರ ಬಂದರು. ಗಲ್ಲ ಹಿಡಿದು, ಕೂದಲು ಸರಿಸಿ, ನನ್ನ ಮುಖವನ್ನು ಟ್ಯೂಬ್‌ಲೈಟಿನ ಕಡೆ ತಿರುಗಿಸಿದರು. ಹುಬ್ಬಿನ ಮೇಲಿನ ಗುರುತಿಗೆ ಬೆರಳಿಟ್ಟು ಹೇಳಿದರು:

"ಯೇ ಮೈನೆ ಬನಾಯಾ. ಸೋಡಾ ಬಾಟಲ್. ಜಲ್ದಿ ಜಲ್ದಿ ಮೇಂ."

ಅವಸರದಲ್ಲಿ ಮಾವನೇ ಮಾಡಿದ ಗಾಯ ಅದು ಎಂದು ತಿಳಿಯಲು ಅಷ್ಟು ಹಿಂದಿ ಸಾಕಾಯಿತು. ಅರಬಾಬ್ ನನ್ನ ಹಣೆ ನೋಡಿದರು, ಮಾವನ ಕೈ ನೋಡಿದರು. ಆಮೇಲೆ ಸ್ಟೂಲ್ ಎಳೆದು ಕೂತು, ವಾಚು ಬಿಚ್ಚಿಟ್ಟು, "ಯಲ್ಲಾ, ದೂಸ್ರಾ ಹಥೋಡಾ ಕಹಾಂ ಹೈ?" ಎಂದು ಇನ್ನೊಂದು ಸುತ್ತಿಗೆ ಕೇಳಿದರು. ಪಂದ್ಯದ ಹೊತ್ತು ಮೀರಿತು. ನಾಲ್ವರೂ ಕೂತು ತೋಟೆ ಬಿಚ್ಚಿದೆವು, ನೀರುದೋಸೆಯನ್ನೂ ಹಂಚಿಕೊಂಡೆವು.

ಹೊರಡುವಾಗ ಮಾವ ಕಾರಿನ ತನಕ ಬಂದರು. ಅಷ್ಟು ವರ್ಷ ಆ ಗುರುತಿನ ಬಗ್ಗೆ ಒಂದು ಮಾತು ಆಡದವರು, ಕಿಟಕಿಗೆ ಬಾಗಿ ಮೆಲ್ಲಗೆ ಕೇಳಿದರು: "ಆವತ್ತು ತುಂಬಾ ನೋವಾಯ್ತಾ ನಿಂಗೆ?"

ಲೆಮನ್ ಸೋಡಾದ ಜೋಕು ನಾಲಿಗೆಗೆ ಬರಲೇ ಇಲ್ಲ.

"ನೆನಪೇ ಇಲ್ಲ ಮಾವ," ಎಂದೆ.

ಅಪ್ಪಟ ಸುಳ್ಳು. ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.