ಮಾವನ ಜೇಬಿನ ರಾಗಿ ಹೊಟ್ಟು

ಮಳೆ ಬಂದರೆ ಲೋಕವೆಲ್ಲ ಒಳಕ್ಕೆ ಓಡುತ್ತದೆ. ನಮ್ಮ ಸೋದರಮಾವ ಮಾತ್ರ ಹೊರಕ್ಕೆ ಓಡುತ್ತಿದ್ದ! ತಲೆಗೆ ಕಂಬಳಿ ಕೊಪ್ಪೆ, ಜೇಬಿನ ತುಂಬ ರಾಗಿ ಹೊಟ್ಟು. ಹೊಲದಲ್ಲಿ ಹರಿಯುವ ನೀರಿಗೆ ಹೊಟ್ಟು ಚೆಲ್ಲಿ, ಅದು ತೇಲಿದ ಕಡೆಗೆಲ್ಲ ತಾನೂ ಹೋಗುತ್ತಿದ್ದ. ಹೊಟ್ಟು ನಿಂತು ಸುತ್ತಿದರೆ ಅಲ್ಲಿ ನೀರು ತಡೆಯಲು ಮಣ್ಣಿನ ಬದು. ನುಗ್ಗಿ ಓಡಿದರೆ ಅಲ್ಲಿ ಕಲ್ಲು ಹಾಸಿ ಕೋಡಿ, ಅಂದರೆ ಹೆಚ್ಚಿನ ನೀರಿಗೆ ದಾರಿ. ಅವನ ಅಪ್ಪ, ಅಜ್ಜ ಎಲ್ಲ ಹೀಗೇ ಮಾಡಿದವರು. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಎಲ್ಲರ ಮಣ್ಣೂ ಕೊಚ್ಚಿಹೋಗಿ ಹಳ್ಳ ಸೇರಿದರೂ ಮಾವನ ಮಣ್ಣು ಅವನ ಹೊಲದಲ್ಲೇ ಇರುತ್ತಿತ್ತು. ಆದರೂ ಊರವರ ಪಾಲಿಗೆ ಅವನು ತಲೆಕೆಟ್ಟವನೇ.

ಎಪ್ಪತ್ತರ ದಶಕದ ಮಾತು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ದಂಡಪಿಂಡ ಎನಿಸಿಕೊಂಡಿದ್ದೆ. ಮಂಡ್ಯದಲ್ಲಿ ಭೂಸಾರ ಸಂರಕ್ಷಣೆಯ ತರಬೇತಿಯಂತೆ, ಪಾಸಾದರೆ ಬದು ಹಾಕಿಸುವ ಮೇಸ್ತ್ರಿ ಕೆಲಸವಂತೆ ಎಂದು ಸುದ್ದಿ ಬಂತು. ಇದೂ ಕೈತಪ್ಪಿದರೆ ನನಗೆ ಬೇರೆ ಗತಿಯಿರಲಿಲ್ಲ. ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಯಾರು? ಮಾವ!

"ನೀನ್ಯಾಕ್ ಮಾವ?"

"ನಾನೂ ಅರ್ಜಿ ಆಕಿವ್ನಿ ಕಣ್ಲಾ. ಅವ್ರು ನಿಂಗೆ ಸುಳ್‌ಸುಳ್ಳೇ ಏಳ್ಕೊಟ್ರೆ ತಿದ್ದೋರ್ಯಾರು?"

ನಲವತ್ತೈದರ ಅವನು, ಇಪ್ಪತ್ತರ ನಾನು, ಒಂದೇ ಬೆಂಚು. ಇಂಥ ಸಹಪಾಠಿ ನನ್ನ ಶತ್ರುವಿಗೂ ಬೇಡ!

ಮೊದಲ ದಿನ ಪಾಠ ಹೇಳುವ ಸಾಹೇಬರು ಇಳಿಜಾರು ಅಳೆಯುವ ದುರ್ಬೀನನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದರು. ದೂರದಲ್ಲಿ ಅಳತೆಯ ಕೋಲು ಹಿಡಿದು ನಾನು ನಿಂತೆ. ಆ ಕಾಲದ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುತ್ತಿತ್ತು. ಮಾವ ಬಗ್ಗಿ ನೋಡಿದವನೇ ಹೌಹಾರಿದ.

"ನಮ್ಮಳಿಯ ತಲೆಕೆಳ್ಗಾಗಿ ನೇತಾಡ್ತಾವ್ನಲ್ಲ ಸ್ವಾಮಿ! ಇದ್ರಲ್ಲಿ ನೋಡ್ಕಂಡು ನೀರು ಎತ್ಲಾಗೋಯ್ತದೆ ಅಂತ ಏಳ್ತೀರಾ?"

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ.

ಇನ್ನೊಂದು ದಿನ ಪಾಠ ಮರದ್ದು. ಬದುವಿನ ಮೇಲೆ ಮರವಿದ್ದರೆ ನೆರಳಿಗೆ ಬೆಳೆ ಏಳುವುದಿಲ್ಲ, ಹೊಂಗೆಯನ್ನೆಲ್ಲ ಕಡಿಸಬೇಕು ಎಂದರು. ಮಾವ ಎದ್ದು ನಿಂತ.

"ಒಂಗೆ ಬೇರು ಬದೂನ ಇಡ್ಕತದೆ, ಸೊಪ್ಪು ಒಲಕ್ಕೆ ಗೊಬ್ರ ಆಯ್ತದೆ. ನಾನಂತೂ ಕಡಿಯಾಕಿಲ್ಲ. ಬೇಕಾದ್ರೆ ನನ್ನೆಸ್ರು ಒಡುದಾಕಿ!"

"ಸರ್ಟಿಫಿಕೇಟು ಬೇಡವೇನಯ್ಯ?"

"ಕಾಗ್ದ ಅಡ್ಡ ಇಟ್ರೆ ನೀರು ನಿಂತ್ಕತದಾ ಸ್ವಾಮಿ?"

ನಾನು ಅವನ ಪಂಚೆ ಜಗ್ಗಿದ್ದೇ ಜಗ್ಗಿದ್ದು. ಅವನೆಲ್ಲಿ ಕೂರುತ್ತಾನೆ! ಇವನ ಮೇಲಿನ ಸಿಟ್ಟಿಗೆ ನನ್ನನ್ನೂ ಫೇಲು ಮಾಡಿಬಿಟ್ಟರೆ ಎಂದು ನನಗೆ ದಿಗಿಲು.

ಕೊನೆಗೆ ಪರೀಕ್ಷೆ. ಒಬ್ಬೊಬ್ಬರೂ ಒಂದೊಂದು ತುಂಡು ನೆಲದಲ್ಲಿ ದುರ್ಬೀನು ತೋರಿಸಿದ ಗೆರೆಯ ಮೇಲೆ ಬದು ಹಾಕಿದ್ದೆವು. ಮೊದಲ ದಿನ ಬರವಣಿಗೆ, ಮರುದಿನ ಸಾಹೇಬರು ಬದು ನೋಡಿ ಅಂಕ ಕೊಡುವುದು. ಪ್ರಶ್ನೆಪತ್ರಿಕೆ ಕೈಗೆ ಬಂತು, ಆಕಾಶ ಗುಡುಗಿತು, ಧೋ ಎಂದು ಮಳೆ! ಮಾವ ಪೆನ್ನು ಕೆಳಗಿಟ್ಟು ಕೊಪ್ಪೆ ಏರಿಸಿದ.

"ಎಲ್ಲಿಗಯ್ಯ?"

"ನೀರು ಬಂದದೆ, ನೋಡ್ಬ್ಯಾಡ್ವಾ?"

"ಹೋದರೆ ಮತ್ತೆ ಒಳಗೆ ಸೇರಿಸೋದಿಲ್ಲ!"

"ನೀವೂ ಬನ್ನಿ ಸ್ವಾಮಿ, ಒಳಗೇನದೆ?" ಎಂದು ಹೊರಟೇಬಿಟ್ಟ. ನಿಜ ಹೇಳುತ್ತೇನೆ, ಪೀಡೆ ತೊಲಗಿತು ಎಂದು ನನಗೆ ಖುಷಿಯೇ ಆಯಿತು. ನಿರಾಳವಾಗಿ ಬರೆದೆ.

ಬೆಳಿಗ್ಗೆ ನೋಡಿದರೆ ಮುಕ್ಕಾಲು ಪಾಲು ಬದುಗಳು ಒಡೆದಿದ್ದವು. ಮಾವನದು ನಡುಮಧ್ಯಕ್ಕೇ ಕಿತ್ತುಹೋಗಿತ್ತು. ನನ್ನದು ಮಾತ್ರ ಗಟ್ಟಿಯಾಗಿ ನಿಂತಿತ್ತು. ಒಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಕಲ್ಲು ಹಾಸಿದ ಕೋಡಿ ಬೇರೆ! ನಾನು ಒಂದು ಕಲ್ಲನ್ನೂ ಮುಟ್ಟಿದವನಲ್ಲ. ಬಗ್ಗಿ ನೋಡಿದೆ. ಬದುವಿನ ಉದ್ದಕ್ಕೂ ಹಸಿ ಮಣ್ಣಿಗೆ ರಾಗಿ ಹೊಟ್ಟು ಮೆತ್ತಿಕೊಂಡಿತ್ತು.

"ಭೇಷ್! ಕೋಡಿ ಬಿಟ್ಟು ಬುದ್ಧಿವಂತನಾದೆ," ಎಂದು ಸಾಹೇಬರು ನನ್ನ ಬೆನ್ನು ತಟ್ಟಿದರು.

ನಾನು ಹೊಟ್ಟು ತೋರಿಸಿದೆ. "ನಂದಲ್ಲ ಸಾರ್, ನಮ್ಮಾವ ಮಾಡಿರೋದು."

"ಸುಳ್ಳು ಸ್ವಾಮಿ!" ಹಿಂದಿನಿಂದ ಮಾವ ಗುಡುಗಿದ. "ಉಡುಗಂಗೆ ಜ್ವರ ಬಂದದೆ, ಏನೇನೋ ಒದರ್ತಾವ್ನೆ!"

ಸಾಹೇಬರು ಹೊಟ್ಟು ನೋಡಿದರು, ಮಾವನ ಜೇಬು ನೋಡಿದರು. ಸಂಜೆ ನನಗೆ ಸರ್ಟಿಫಿಕೇಟು ಕೊಟ್ಟರು. ಮಾವನಿಗೆ ಇಲ್ಲ. ಮುಂದೆ ಮೇಸ್ತ್ರಿಯಾಗಿ ನಾನು ಊರೂರು ತಿರುಗಿದೆ. ಮೇಲಿನವರು ಎಷ್ಟು ಬೈದರೂ ಒಂದೇ ಒಂದು ಹೊಂಗೆ ಕಡಿಸಲಿಲ್ಲ!

ಸರ್ಟಿಫಿಕೇಟು ಕೊಟ್ಟ ಆ ಸಂಜೆ ನಾನೂ ಮಾವನೂ ಬಸ್ಸಿಳಿದು ಊರ ಕಡೆ ನಡೆಯುವಾಗ ಮತ್ತೆ ಮಳೆ ಹಿಡಿಯಿತು.

"ಕೊಡ್ಲಾ ಇಲ್ಲಿ, ಆ ಕಾಗ್ದವ," ಎಂದ ಮಾವ. ಎಸೆದೇಬಿಡುತ್ತಾನೆ ಎಂದುಕೊಂಡೆ. ಅವನು ತಲೆಯ ಮೇಲಿನ ಕೊಪ್ಪೆ ತೆಗೆದು, ಅದರೊಳಗೆ ಕಾಗದವನ್ನು ಸುತ್ತಿ ಕಂಕುಳಿಗೆ ಅವುಚಿಕೊಂಡ.

"ತಲೆ ನೆನೀತದೆ ಮಾವ."

"ನೆನೀಲಿ ಬುಡು. ತಲೆ ಒಣುಗ್ತದೆ ಕಣ್ಲಾ, ಶಾಯಿ ಅಳಿಸೋದ್ರೆ ಬರಾಕಿಲ್ಲ."

ದಾರಿಯ ಎರಡೂ ಕಡೆ ನೀರು ಭೋರೆಂದು ಹರಿಯುತ್ತಿತ್ತು. ಮಾವ ಅದರ ಕಡೆ ತಿರುಗಿಯೂ ನೋಡಲಿಲ್ಲ. ತೊಯ್ದು ತೊಪ್ಪೆಯಾಗಿ ನೆಟ್ಟಗೆ ನಮ್ಮಮ್ಮನ ಬಾಗಿಲಿಗೆ ನಡೆದ.