ಕೋವಿ ಒಪ್ಪಂದ

ಕೋಣಂದೂರಿನ ಆಚೆಯ ಆ ಊರಲ್ಲಿ ಶಾಲೆಗೆ ಹೋಗುವ ದಾರಿ ಮಂಜುನಾಥಪ್ಪ, ಕೆರಿಯಪ್ಪ ಇಬ್ಬರ ಅಂಗಳದ ನಡುವೆಯೇ ಹಾಯುತ್ತಿತ್ತು. ಬೇಸಿಗೆಯಲ್ಲಿ ಮಂಜುನಾಥಪ್ಪ ಹಂದಿಗೆಂದು ಹೊಡೆದ ಗುಂಡು ಕೆರಿಯಪ್ಪನ ಎಮ್ಮೆಯ ಕೋಡು ಹಾರಿಸಿತ್ತು. ಅಂದಿನಿಂದ ಆ ಬಾಲ್ಯದ ಗೆಳೆಯರು ಮಾತು ಬಿಟ್ಟಿದ್ದರು. ಸಂಜೆಯಾದರೆ ಒಬ್ಬ ಆಕಾಶಕ್ಕೆ ಕೋವಿ ಹಾರಿಸುತ್ತಿದ್ದ, ಇನ್ನೊಬ್ಬ ಉತ್ತರ ಕೊಡುತ್ತಿದ್ದ. ಹೆದರಿದ ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿದರು. ಶಾಲೆಯಲ್ಲಿ ಉಳಿದದ್ದು ಏಳೇ ಮಕ್ಕಳು. ಶಾಲೆ ಮುಚ್ಚುವ ಚಿಂತೆಯಲ್ಲಿ ಗಣೇಶಮೂರ್ತಿ ಮೇಷ್ಟ್ರು ಬಡವಾದರು.

1963ರ ಆಗಸ್ಟಿನಲ್ಲಿ ಒಂದು ದಿನ ಪೇಪರು ಓದುತ್ತಿದ್ದವರು ಎದ್ದು ನಿಂತು, ಇಬ್ಬರನ್ನೂ ಮನೆಗೆ ಕರೆಸಿದರು.

"ಅಮೆರಿಕ, ರಷ್ಯಾದೋರೇ ಆಕಾಶದಲ್ಲಿ ಬಾಂಬು ಸಿಡಿಸಲ್ಲ ಅಂತ ಸೈನು ಹಾಕಿದಾರೆ ಮಾರಾಯ್ರೆ. ನೀವು ಅವರಿಗಿಂತ ದೊಡ್ಡೋರಾ?"

"ಮೊದ್ಲು ಯಾರು ಹಾಕಿದ್ದು?" ಎಂದ ಕೆರಿಯಪ್ಪ ಅನುಮಾನದಿಂದ.

"ಒಟ್ಟಿಗೇ."

ಮನೆಯಲ್ಲಿದ್ದದ್ದು ಒಂದೇ ಪೆನ್ನು. ಕೊನೆಗೆ ಮೇಷ್ಟ್ರು ಇಬ್ಬರ ಹೆಬ್ಬೆಟ್ಟನ್ನೂ ಹಿಡಿದು ಒಪ್ಪಂದದ ಕಾಗದಕ್ಕೆ ಒಂದೇ ಸಲಕ್ಕೆ ಒತ್ತಿಸಿದರು. ಕೋವಿಗಳು ಒಂದು ವರ್ಷ ಮೇಷ್ಟ್ರ ಅಟ್ಟದಲ್ಲಿರಬೇಕು. ಅನುಮಾನ ಬಂದವರು ಬಂದು ನೋಡಬಹುದು.

ಮರುದಿನ ಕೋಳಿ ಕೂಗುವ ಮೊದಲೇ ಬಾಗಿಲು ಬಡಿದ ಸದ್ದು.

"ನಂಗೆ ಅನುಮಾನ ಬಂತು," ಎಂದ ಮಂಜುನಾಥಪ್ಪ.

ಅವನು ಏಣಿ ಹತ್ತಿದ್ದು ಕಂಡು ಕೆರಿಯಪ್ಪನೂ ಓಡಿಬಂದ. "ಅವ್ನು ಒಬ್ನೇ ಅಟ್ಟದ ಮೇಲೆ ಎಂತ ಮಾಡ್ತಿದಾನೆ?"

ಒಬ್ಬ ಮನೆಗೆ ಹೋಗದೆ ಇನ್ನೊಬ್ಬ ಹೋಗುವಂತಿರಲಿಲ್ಲ. ಇಬ್ಬರೂ ಜಗಲಿಯ ಎರಡು ತುದಿಯಲ್ಲಿ, ಒಂದೇ ಗೂಡಿಗೆ ಕಾವಲು ಕೂತ ಬೆಕ್ಕುಗಳಂತೆ ಕೂತರು. ಮೇಷ್ಟ್ರ ಹೆಂಡತಿ ವಾಗ್ದೇವಿ ಕಾಫಿ ಕೊಟ್ಟರು, ಕಡುಬು ಕೊಟ್ಟರು, ಮಧ್ಯಾಹ್ನ ಎಲೆ ಹಾಕಿದರು. ಊಟವಾದ ಮೇಲೆ ಎಲೆಯಡಿಕೆ ತಟ್ಟೆ ಒಂದೇ ಇದ್ದದ್ದರಿಂದ ಇಬ್ಬರೂ ನಡುವಿಗೆ ಸರಿಯಬೇಕಾಯಿತು.

"ಎಮ್ಮೆ ಹ್ಯಾಂಗಿದೆ?" ಮಂಜುನಾಥಪ್ಪ ಸುಣ್ಣ ಹಚ್ಚುತ್ತ ನೆಲ ನೋಡಿಕೊಂಡೇ ಕೇಳಿದ.

ಕೆರಿಯಪ್ಪ ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡ. "ಕರು ಹಾಕ್ತು. ನಿನ್ನ ಕರ್ದು ಗಿಣ್ಣ ಕೊಡ್ಲಿಲ್ಲ ಅಂತ ಮನೇಲಿ ಬೈದ್ರು."

ಶಾಲೆಯಿಂದ ಬಂದ ಮೇಷ್ಟ್ರಿಗೆ ಕಂಡದ್ದು ತಲೆಗೆ ತಲೆ ತಾಗಿಸಿ ಪಿಸುಗುಡುತ್ತಿದ್ದ ಗೆಳೆಯರು. ಮೇಷ್ಟ್ರ ಕಣ್ಣು ತುಂಬಿ ಬಂತು.

"ಮೇಷ್ಟ್ರೇ," ಮಂಜುನಾಥಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮಿಬ್ರ ಜಗಳ ಮುಗೀತು."

"ಸಂತೋಷ! ಕೋವಿ ತಗೊಂಡು ಹೋಗಿ."

"ಅದು ಹ್ಯಾಂಗಾಗುತ್ತೆ? ಒಂದು ವರ್ಷ ಅಂತ ಹೆಬ್ಬೆಟ್ಟು ಒತ್ತಿದೀವಿ," ಎಂದ ಕೆರಿಯಪ್ಪ. "ಆದ್ರೆ ಒಂದು ಮಾತು. ಈಗ ನಮ್ಮತ್ರ ಕೋವಿ ಇಲ್ಲ. ಇಡೀ ಊರಲ್ಲಿ ಕೋವಿ ಇರೋದು ನಿಮ್ಮೊಬ್ರ ಹತ್ರ. ಅದೂ ಎರಡು! ನಿಮ್ಮ ಮೇಲೆ ನಿಗಾ ಇಡೋರು ಯಾರು?"

ಮೇಷ್ಟ್ರು ಕತ್ತೆತ್ತಿ ಅಟ್ಟದತ್ತ ನೋಡಿದರು.

"ಅದ್ಕೇ ನಾವಿಬ್ರೂ ಒಗ್ಗಟ್ಟಾಗಿದೀವಿ," ಎಂದ ಮಂಜುನಾಥಪ್ಪ, ಗೆಳೆಯನ ಹೆಗಲ ಮೇಲೆ ಕೈ ಹಾಕಿ. "ನಾಳೆಯಿಂದ ದಿನಾ ಬತ್ತೀವಿ. ವರ್ಷ ಮುಗಿಯೋವರೆಗೆ."

ಮೇಷ್ಟ್ರು ದಿಕ್ಕು ತೋಚದೆ ಹೆಂಡತಿಯತ್ತ ನೋಡಿದರು. ವಾಗ್ದೇವಿ ಒಳಗೆ ಆಗಲೇ ನಾಳೆಯ ಕಡುಬಿಗೆ ಇನ್ನೆರಡು ಸೇರು ಅಕ್ಕಿ ನೆನೆಹಾಕುತ್ತಿದ್ದರು.